ಕರಗಿದ ಲವಣದಲ್ಲಿ ಲೋಹದ ಲೇಪನ

ಅಗ್ಗದ ಒಡವೆಗೆ ಚಿನ್ನದ ಗಿಲೀಟು ಕೊಡಿಸುವ ಪದ್ಧತಿಯನ್ನು ಕೇಳದವರಿಲ್ಲ. ಚಿನ್ನದ ಲವಣವನ್ನು ನೀರಿನಲ್ಲಿ ಕರಗಿಸಿ, ಒಡವೆಯನ್ನು ವಿದ್ಯುತ್ತಿನ ಋಣಧ್ರುವಕ್ಕೆ ಕಟ್ಟಿ ಅದರಲ್ಲಿಳಿಸಿದರೆ, ಚಿನ್ನವು ಕಣಕಣವಾಗಿ ಬಂದು ಒಡವೆಯ ಮೇಲೆ ಕೂರುತ್ತದೆ. ಟ್ಯಾಂಟಲಂ ಲೋಹವನ್ನೂ ಹೀಗೆಯೇ ಲೇಪಿಸಬಾರದೇಕೆ ಎಂಬುದು ಈ ಹೊತ್ತಿನ ಪ್ರಶ್ನೆ.

ಟ್ಯಾಂಟಲಂ ಕರಗಬೇಕಾದರೆ ಸುಮಾರು 3000 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಚಿನ್ನವನ್ನೇ ಕರಗಿಸಬಲ್ಲ ರಾಜದ್ರಾವಕವೂ ಇದನ್ನು ಮುಟ್ಟಲಾರದು. 1802ರಲ್ಲಿ ಇದನ್ನು ಕಂಡುಹಿಡಿದ ಸ್ವೀಡನ್ನಿನ ಎಕೆಬರ್ಗನು, ಕೊರಳಮಟ್ಟದ ನೀರಿನಲ್ಲಿ ನಿಂತೂ ಕುಡಿಯಲಾರದ ಗ್ರೀಕ್ ಪುರಾಣದ ಟ್ಯಾಂಟಲಸನ ಹೆಸರನ್ನೇ ಇದಕ್ಕಿಟ್ಟನು. ಆಮ್ಲದ ನಡುವೆ ನಿಂತೂ ಆಮ್ಲವನ್ನು ಹೀರದ ವಸ್ತುವಿಗೆ ಇದು ಅನ್ವರ್ಥನಾಮವೇ ಸರಿ. ಆದರೆ ಲೋಹವು ಬಹು ದುಬಾರಿ. ಇಡೀ ಪಾತ್ರೆಯನ್ನು ಇದರಿಂದ ಮಾಡುವ ಬದಲು, ಉಕ್ಕಿನ ಪಾತ್ರೆಗೆ ತೆಳುವಾದೊಂದು ಹೊದಿಕೆಯನ್ನು ಕೊಡುವುದಾದರೆ ಎಷ್ಟು ಲಾಭ!

ಇಲ್ಲಿ ನೀರೇ ಅಡ್ಡಿ. ವಿದ್ಯುತ್ತಿಗೆ ಟ್ಯಾಂಟಲಮನ್ನು ಬಿಡಿಸುವುದಕ್ಕಿಂತ ನೀರನ್ನು ಒಡೆಯುವುದೇ ಸುಲಭ. ಆದ್ದರಿಂದ ಲೋಹವು ಕೂರುವ ಬದಲು ಜಲಜನಕದ ಗುಳ್ಳೆಗಳೇಳುತ್ತವೆ. ಹಾಗಾದರೆ ನೀರನ್ನೇ ಬಿಟ್ಟು ಲವಣವನ್ನೇ ಕರಗಿಸಬೇಕು. ಈ ಉಪಾಯ ಹೊಸದಲ್ಲ. 1807ರಲ್ಲಿ ಡೇವಿಯು ಪೊಟ್ಯಾಸಿಯಮನ್ನೂ, 1886ರಲ್ಲಿ ಹಾಲ್ ಮತ್ತು ಹೆರೂಲ್ ಎಂಬುವರು ಬೇರೆಬೇರೆಯಾಗಿ ಅಲ್ಯೂಮಿನಿಯಮನ್ನೂ ಹೀಗೆಯೇ ಪಡೆದರು. ಆದರೆ ಲೋಹವನ್ನು ಪಡೆಯುವುದು ಬೇರೆ, ಲೇಪಿಸುವುದು ಬೇರೆ. ಪುಡಿಪುಡಿಯಾಗಿಯೋ ಮುಳ್ಳುಮುಳ್ಳಾಗಿಯೋ ಬಂದ ಲೋಹವು ಹೊದಿಕೆಯಾಗಲಾರದು.

ಈ ತೊಡಕಿಗೆ 1960ರ ದಶಕದಲ್ಲಿ ಅಮೆರಿಕದ ಸೆಂಡರಾಫ್ ಮತ್ತು ಮೆಲರ್ಸ್ ಎಂಬ ವಿಜ್ಞಾನಿಗಳು ಪರಿಹಾರ ಕಂಡರು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಇವುಗಳ ಫ್ಲೋರೈಡುಗಳು ಒಂದೊಂದಾಗಿ 800 ಡಿಗ್ರಿಗೂ ಮೇಲೆ ಕರಗುವವು. ತಕ್ಕ ಪ್ರಮಾಣದಲ್ಲಿ ಬೆರೆತರೆ 454 ಡಿಗ್ರಿಗೇ ಕರಗುವವು. ಇದಕ್ಕೆ ಟ್ಯಾಂಟಲಮಿನ ಫ್ಲೋರೈಡ್ ಲವಣವನ್ನು ಕೂಡಿಸಿ, ಸುಮಾರು 700ರಿಂದ 800 ಡಿಗ್ರಿಯವರೆಗೆ ಕಾಯಿಸಿ, ಧನಧ್ರುವದಲ್ಲಿ ಟ್ಯಾಂಟಲಮನ್ನೇ ಇಡುತ್ತಾರೆ. ಅಲ್ಲಿ ಸವೆದದ್ದು ಇಲ್ಲಿ ಬಂದು ಒತ್ತಾಗಿ ಕೂರುತ್ತದೆ.

ಆದರೆ ಈ ದ್ರವಕ್ಕೆ ಗಾಳಿಯೇ ವೈರಿ. ಆಮ್ಲಜನಕವು ಸೇರಿದರೆ ಲೇಪನವು ಕೆಡುತ್ತದೆ. ತೇವವು ಸೇರಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಆದಕಾರಣ ಲವಣಗಳನ್ನು ಚೆನ್ನಾಗಿ ಒಣಗಿಸಿ, ಆರ್ಗಾನ್ ಅನಿಲದ ಮರೆಯಲ್ಲಿ ಕೆಲಸ ನಡೆಸಬೇಕು. ಲೇಪಿಸಬೇಕಾದ ವಸ್ತುವೂ ಅಷ್ಟು ಶಾಖವನ್ನು ತಾಳಬೇಕು. 232 ಡಿಗ್ರಿಗೇ ಕರಗುವ ತವರಕ್ಕೆ ಇಲ್ಲಿ ಎಡೆಯಿಲ್ಲ.

ಕಲಾಯಿ ಹೋದ ಕಡೆಯಲ್ಲೇ ಹುಳಿ ಕಿಲುಬೇರುವುದೆಂಬುದನ್ನು ನಮ್ಮ ಅಡುಗೆಮನೆಗಳು ಬಲ್ಲವು. ಇಲ್ಲಿಯೂ ನ್ಯಾಯ ಅದೇ. ಹೊದಿಕೆಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಿದ್ದರೂ ಆಮ್ಲವು ಅದನ್ನು ಹುಡುಕಿ ಒಳಗಿನ ಉಕ್ಕನ್ನು ತಿನ್ನುವುದು. ಲೋಹದ ಬೆಲೆಗಿಂತ ಲೇಪನದ ಅಖಂಡತೆಯೇ ಇಲ್ಲಿ ಮುಖ್ಯ.