ಅಜ್ಜಿ ಇಲ್ಲದ ಊರಿಗೆ ಹೋದ ರೆಕಾರ್ಡ್

ಕಳೆದ ದಸರಾ ರಜೆಗೆ ತಿಪಟೂರಿಗೆ ಹೋದಾಗ ಅಜ್ಜಿಯ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ತು. ಮೇಲೆ ನೀಲಿ ಇಂಕಿನಲ್ಲಿ ಬರೆದದ್ದೆಲ್ಲ ಅಳಿಸಿಹೋಗಿ ‘ಗಮಕ’ ಅನ್ನೋ ಮೂರಕ್ಷರ ಮಾತ್ರ ಉಳಿದಿತ್ತು. ತಾತ ಊರಿನ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತ ಓದ್ತಿದ್ರಂತೆ. ನಾನು ಹುಟ್ಟೋಕೆ ಮೂರು ವರ್ಷ ಮುಂಚೆ ತೀರಿಕೊಂಡ್ರು. ಅವರ ದನಿಯನ್ನ ನಾನು ಕೇಳೇ ಇರಲಿಲ್ಲ.

ಕ್ಯಾಸೆಟ್ ಇದೆ, ಹಾಕೋಕೆ ಟೇಪ್ ರೆಕಾರ್ಡರ್ ಇಲ್ಲ. ಮನೇಲಿದ್ದದ್ದನ್ನ ಯಾವತ್ತೋ ಹಳೇ ಸಾಮಾನಿನವರಿಗೆ ಕೊಟ್ಟಾಗಿತ್ತು. ಬೆಂಗಳೂರಿಗೆ ವಾಪಸ್ ಬಂದು ಎಸ್.ಪಿ. ರೋಡಿನಲ್ಲಿ ಒಂದು ಹಳೇ ವಾಕ್‌ಮನ್ ಹುಡುಕಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಅಂಟಿನ ಥರ ಆಗಿತ್ತು. ಬೇರೆ ಬೆಲ್ಟ್ ಹಾಕಿ, ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಮುಂದೆ ಸ್ಪೀಕರಿಗೆ ಕನೆಕ್ಟ್ ಮಾಡಿ ಪ್ಲೇ ಒತ್ತಿದೆ. ಯಾರೋ ಹದಿಮೂರು ವರ್ಷದ ಹುಡುಗ ಅವಸರ ಅವಸರವಾಗಿ ಓದಿದ ಹಾಗೆ ಕೇಳಿಸ್ತು. ಅಜ್ಜಿ ತಲೆ ಅಲ್ಲಾಡಿಸಿದ್ರು. "ಇದು ನಿಮ್ಮ ತಾತ ಅಲ್ಲ ಕಣೋ."

ಮೋಟರಿನ ಹಿಂದೆ ಸ್ಪೀಡ್ ಸರಿಮಾಡೋಕೆ ಒಂದು ಪುಟ್ಟ ಸ್ಕ್ರೂ ಇರುತ್ತೆ. ಅದನ್ನ ತಿರುಗಿಸ್ತಾ ಹೋದೆ. ಅಜ್ಜಿ ಕಣ್ಣು ಮುಚ್ಚಿಕೊಂಡು "ಇನ್ನೂ ನಿಧಾನ... ಅಯ್ಯೋ ಜಾಸ್ತಿ ಆಯ್ತು... ಒಂಚೂರು ಹಿಂದೆ..." ಅಂತಿದ್ರು. ಒಂದು ಕಡೆ "ಹಾಂ, ಇವ್ರೇ" ಅಂದ್ರು. ಆಮೇಲೆ ಏನೂ ಮಾತಾಡಲಿಲ್ಲ.

ಹಾಸ್ಟೆಲ್ಲಿಗೆ ಬಂದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೀತಾ ಇತ್ತು. ಕ್ಯಾಸೆಟ್ಟಿನ ಒಳಗೆ ತಾತ ಇದ್ರು. ಆದ್ರೆ ಸರಿಯಾದ ಸ್ಪೀಡ್ ಯಾವುದು ಅನ್ನೋದು ಕ್ಯಾಸೆಟ್ಟಿನ ಒಳಗೆ ಇರಲಿಲ್ಲ, ಅಜ್ಜಿ ತಲೆಯೊಳಗಿತ್ತು. ಅಜ್ಜಿ ಇಲ್ಲದ ಕಡೆ ಈ ಕ್ಯಾಸೆಟ್ ಯಾರಿಗಾದ್ರೂ ಸಿಕ್ಕಿದ್ರೆ?

ಇದೇ ಪ್ರಶ್ನೆಯನ್ನ 1977ರಲ್ಲಿ ಕೆಲವರು ತುಂಬಾ ಸೀರಿಯಸ್ಸಾಗಿ ಕೇಳಿಕೊಂಡಿದ್ರು. ಅವರು ಕೊಟ್ಟ ಉತ್ತರ ನನಗೆ ಗೊತ್ತಿರೋ ಅತ್ಯಂತ ಚೆಂದದ ಡಿಸೈನ್. ಈ ಲೇಖನ ಅದರ ಬಗ್ಗೆ.

ಎರಡು ನೌಕೆ, ಎರಡು ರೆಕಾರ್ಡ್

1977ರ ಆಗಸ್ಟ್ 20ಕ್ಕೆ ವಾಯೇಜರ್ 2, ಸೆಪ್ಟೆಂಬರ್ 5ಕ್ಕೆ ವಾಯೇಜರ್ 1 ಭೂಮಿ ಬಿಟ್ಟವು. (ಹೌದು, ಎರಡು ಮೊದಲು ಹೋಯ್ತು. ಒಂದು ಆಮೇಲೆ ಹೊರಟರೂ ಗುರುಗ್ರಹಕ್ಕೆ ಮೊದಲು ತಲುಪ್ತು.) ಗ್ರಹಗಳನ್ನ ನೋಡಿ ಮುಗಿಸಿದ ಮೇಲೆ ಇವು ವಾಪಸ್ ಬರಲ್ಲ, ಹೋಗ್ತಾನೇ ಇರುತ್ತವೆ. ಹಾಗಾಗಿ ನಾಸಾ ಎರಡಕ್ಕೂ ಒಂದೊಂದು ಗ್ರಾಮಫೋನ್ ರೆಕಾರ್ಡ್ ಕಟ್ಟಿ ಕಳಿಸ್ತು. 12 ಇಂಚಿನ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ಏನೇನು ಹಾಕಬೇಕು ಅಂತ ಆರಿಸಿದ ತಂಡಕ್ಕೆ ಕಾರ್ಲ್ ಸೇಗನ್ ಮುಖ್ಯಸ್ಥರು. ಫ್ರಾಂಕ್ ಡ್ರೇಕ್, ಆ್ಯನ್ ಡ್ರುಯನ್, ಟಿಮೊತಿ ಫೆರಿಸ್, ಜಾನ್ ಲೊಂಬರ್ಗ್, ಲಿಂಡಾ ಸಾಲ್ಜ್‌ಮನ್ ಸೇಗನ್ ಜೊತೆಗಿದ್ರು.

ಒಳಗೆ ಏನಿದೆ? 55 ಭಾಷೆಗಳಲ್ಲಿ ನಮಸ್ಕಾರ, ಭೂಮಿಯ ಸದ್ದುಗಳು, ಸುಮಾರು 90 ನಿಮಿಷ ಸಂಗೀತ, 115 ಚಿತ್ರಗಳು. ಆ 55ರಲ್ಲಿ ಕನ್ನಡವೂ ಇದೆ! ಒಬ್ಬರು ಕನ್ನಡಿಗರ ಪರವಾಗಿ ಶುಭಾಶಯ ಹೇಳ್ತಾರೆ, ಕೆಲವೇ ಸೆಕೆಂಡು. ನೆಟ್‌ನಲ್ಲಿ ಸಿಗುತ್ತೆ, ಕೇಳಿ. ಹತ್ತನೇ ಕ್ಲಾಸಿನವರೆಗೂ ಕನ್ನಡ ನನಗೆ ಬರೀ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ಸೌರವ್ಯೂಹದ ಆಚೆ ಹೋದ ನೌಕೆಯಲ್ಲಿ ಅದೇ ಭಾಷೆ ಇದೆ ಅಂತ ಗೊತ್ತಾದಾಗ ಸ್ವಲ್ಪ ನಾಚಿಕೆ ಆಯ್ತು.

ಆದ್ರೆ ರೆಕಾರ್ಡ್ ಕಳಿಸಿದ್ರೆ ಸಾಕಾ? ಸಿಕ್ಕಿದವರ ಹತ್ರ ಪ್ಲೇಯರ್ ಇರಲ್ಲ. ಅದಕ್ಕೆ ಸೂಜಿ ಮತ್ತು ಕಾರ್ಟ್ರಿಜ್ ಜೊತೆಗೇ ಇಟ್ಟು ಕಳಿಸಿದ್ರು. ಸರಿ, ಸೂಜಿ ಇದೆ. ಎಷ್ಟು ಸ್ಪೀಡಿನಲ್ಲಿ ತಿರುಗಿಸಬೇಕು? ನನ್ನ ವಾಕ್‌ಮನ್ ಸ್ಕ್ರೂ ಪ್ರಶ್ನೆ ಇಲ್ಲೇ ಬರೋದು.

ಸೆಕೆಂಡ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ

ಈ ರೆಕಾರ್ಡ್ ನಿಮಿಷಕ್ಕೆ 16⅔ ಸುತ್ತು ತಿರುಗಬೇಕು. ಮಾಮೂಲಿ ಎಲ್.ಪಿ.ಗಳ ಅರ್ಧ ಸ್ಪೀಡ್. ಜಾಸ್ತಿ ಹೊತ್ತಿನ ಸಂಗೀತ ಹಿಡಿಸಲಿ ಅಂತ ಹೀಗೆ. ಅಂದ್ರೆ ಒಂದು ಸುತ್ತಿಗೆ 3.6 ಸೆಕೆಂಡ್. ಆದ್ರೆ ಸೆಕೆಂಡ್ ಅನ್ನೋದು ನಮ್ಮ ದಿನವನ್ನ ನಾವು 86,400 ತುಂಡು ಮಾಡಿದ್ರಿಂದ ಬಂದದ್ದು. ಬೇರೆ ಕಡೆಯವರಿಗೆ ನಮ್ಮ ದಿನಾನೇ ಗೊತ್ತಿಲ್ಲ. ಹತ್ತರ ಲೆಕ್ಕವೂ ನಮ್ಮ ಬೆರಳಿನಿಂದ ಬಂದದ್ದು, ಅವರಿಗೆ ಎಷ್ಟು ಬೆರಳೋ!

ಹಾಗಾದ್ರೆ ಇಬ್ಬರಿಗೂ ಗೊತ್ತಿರೋದು ಏನು? ಹೈಡ್ರೋಜನ್. ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಿಗೆ ಇರೋ ಮೂಲವಸ್ತು. ಅದರ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡಕ್ಕೂ ಸ್ಪಿನ್ ಇದೆ. ಎರಡೂ ಸ್ಪಿನ್ ಒಂದೇ ದಿಕ್ಕಿಗಿದ್ದದ್ದು ಬದಲಾಗಿ ಎದುರುಬದುರಾದಾಗ 1420 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ಹೊರಗೆ ಬರುತ್ತೆ. ನಮ್ಮಲ್ಲೂ ಅಷ್ಟೇ, ಇನ್ನೊಂದು ನಕ್ಷತ್ರದ ಹತ್ರವೂ ಅಷ್ಟೇ. ಈ ಅಲೆಯ ಒಂದು ಆವರ್ತನಕ್ಕೆ ಹಿಡಿಯೋ ಕಾಲ ಸುಮಾರು 0.70 ನ್ಯಾನೋಸೆಕೆಂಡ್.

ರೆಕಾರ್ಡಿನ ಅಲ್ಯೂಮಿನಿಯಂ ಕವರ್ ಮೇಲೆ, ಬಲಗಡೆ ಕೆಳಗೆ, ಹೈಡ್ರೋಜನ್ನಿನ ಈ ಎರಡು ಸ್ಥಿತಿಗಳ ಚಿತ್ರ ಕೊರೆದಿದ್ದಾರೆ. ಎರಡನ್ನೂ ಸೇರಿಸೋ ಒಂದು ಗೆರೆ, ಅದರ ಮೇಲೆ ಬೈನರಿಯ ‘1’. ‘ನಮ್ಮ ಕಾಲದ ಅಳತೆಗೋಲು ಇದು’ ಅನ್ನೋದು ಅದರ ಅರ್ಥ. ಮೇಲೆ ಎಡಗಡೆ ರೆಕಾರ್ಡಿನ ಚಿತ್ರ, ಸೂಜಿ ಎಲ್ಲಿಡಬೇಕು ಅಂತ ತೋರಿಸಿದೆ. ಸುತ್ತಲೂ ನಿಂತ ಗೆರೆ, ಮಲಗಿದ ಗೆರೆಗಳಲ್ಲಿ ಬರೆದ ಬೈನರಿ ಸಂಖ್ಯೆ. ಒಂದು ಸುತ್ತಿಗೆ ಹೈಡ್ರೋಜನ್ ಅಳತೆಗೋಲಿನಲ್ಲಿ ಎಷ್ಟು ಅಂತ ಅದು ಹೇಳುತ್ತೆ. 3.6 ಸೆಕೆಂಡನ್ನ 0.704 ನ್ಯಾನೋಸೆಕೆಂಡಿನಿಂದ ಭಾಗಿಸಿ ನೋಡಿ, ಸುಮಾರು 511 ಕೋಟಿ ಬರುತ್ತೆ.

ನನ್ನ ಲೆಕ್ಕದಲ್ಲಿ, ಆ ಹೈಡ್ರೋಜನ್ ಚಿತ್ರ ಅಜ್ಜಿ ಮಾಡಿದ ಕೆಲಸ ಮಾಡ್ತಿದೆ. "ಹಾಂ, ಇವ್ರೇ" ಅನ್ನೋಕೆ ಯಾರೂ ಇಲ್ಲದ ಕಡೆ, ಆ ಮಾತನ್ನ ಕವರ್ ಮೇಲೆ ಕೊರೆದು ಕಳಿಸಿದ್ರು.

ಸದ್ದಿನೊಳಗೆ ಚಿತ್ರ

115 ಚಿತ್ರಗಳು ರೆಕಾರ್ಡಿನಲ್ಲಿ ಹೇಗೆ ಹೋದವು? ಜೆಪೆಗ್ ಇಲ್ಲದ ಕಾಲ. ಚಿತ್ರವನ್ನ 512 ಲಂಬ ಗೆರೆಗಳಾಗಿ ಸೀಳಿದ್ರು. ಪ್ರತಿ ಗೆರೆಯ ಬೆಳಕು-ಕತ್ತಲೆಯ ಏರಿಳಿತವನ್ನ ಸುಮಾರು 8 ಮಿಲಿಸೆಕೆಂಡಿನ ಆಡಿಯೋ ಅಲೆಯಾಗಿ ಮಾಡಿದ್ರು. ಬರೀ ಕಿವಿಯಲ್ಲಿ ಕೇಳಿದ್ರೆ ಗರಗಸದ ಮಿಲ್ಲಿನ ಪಕ್ಕ ನಿಂತ ಹಾಗಿರುತ್ತೆ. ಬಣ್ಣದ ಚಿತ್ರ ಬೇಕಾದ್ರೆ ಒಂದೇ ಚಿತ್ರ ಮೂರು ಸಲ: ಕೆಂಪು, ಹಸಿರು, ನೀಲಿ. ನಮ್ಮ ಆರ್‌ಜಿಬಿ ಚಾನೆಲ್‌ಗಳೇ.

ಈ ಆಡಿಯೋ ನೆಟ್‌ನಲ್ಲಿದೆ. ನಾನೂ ಪೈಥಾನ್‌ನಲ್ಲಿ ಡಿಕೋಡ್ ಮಾಡೋಕೆ ಕೂತೆ. ಪ್ರತಿ ಗೆರೆ ಎಲ್ಲಿ ಶುರು ಅಂತ ಪೀಕ್ ಹುಡುಕಿ, ಅಲ್ಲಿಂದ ಇಷ್ಟು ಸ್ಯಾಂಪಲ್ ಅಂತ ಕತ್ತರಿಸಿ, ಪಕ್ಕಪಕ್ಕ ನಿಲ್ಲಿಸಬೇಕು ಅಷ್ಟೇ. ಮೊದಲ ಚಿತ್ರ ವಾಲಿಕೊಂಡ ಮೊಟ್ಟೆಯ ಥರ ಬಂತು. ನಗು ಬಂತು, ಆಮೇಲೆ ಕವರಿನ ಫೋಟೋ ನೋಡಿದೆ. ಮೇಲೆ ಬಲಗಡೆ, ಚಿತ್ರ ಬಿಡಿಸೋ ವಿವರದ ಕೊನೆಗೆ, ಒಂದು ದುಂಡನೆ ವೃತ್ತ ಕೊರೆದಿದ್ದಾರೆ. ಮೊದಲ ಚಿತ್ರ ಬೇಕಂತಲೇ ವೃತ್ತ! ಮೊಟ್ಟೆ ಬಂದ್ರೆ ನಿಮ್ಮ ಲೆಕ್ಕ ತಪ್ಪಿದೆ, ವೃತ್ತ ಬಂದ್ರೆ ಸರಿ, ಮುಂದೆ ಹೋಗಿ. ಲ್ಯಾಬಿನಲ್ಲಿ ನಾವು ಮಾಡೋ ಕ್ಯಾಲಿಬ್ರೇಷನ್ ಇದೇ ಅಲ್ವಾ? ಒಂದು ಗೆರೆಗೆ ಎಷ್ಟು ಸ್ಯಾಂಪಲ್ ಅನ್ನೋ ನನ್ನ ಅಂದಾಜು ಸ್ವಲ್ಪ ಆಚೀಚೆ ಆಗಿತ್ತು. ಸರಿಮಾಡಿದೆ, ರಾತ್ರಿ ಎರಡೂವರೆಗೆ ವೃತ್ತ ಬಂತು. ರೂಮ್‌ಮೇಟನ್ನ ಎಬ್ಬಿಸಿ ತೋರಿಸಿದೆ. ಅವನು "ಸೊನ್ನೆ ತೋರಿಸೋಕೆ ಎಬ್ಬಿಸಿದ್ಯಾ?" ಅಂತ ಮತ್ತೆ ಮಲಗಿದ.

ವಿಳಾಸ ಮತ್ತು ತಾರೀಕು

ಕಳಿಸಿದವರು ಎಲ್ಲಿಯವರು? ಕವರಿನ ಎಡಗಡೆ ಕೆಳಗೆ ಒಂದು ಬಿಂದುವಿನಿಂದ ಹೊರಡೋ ಗೆರೆಗಳಿವೆ. ನಡುವಿನ ಬಿಂದು ಸೂರ್ಯ, ಗೆರೆಗಳ ತುದಿಯಲ್ಲಿ 14 ಪಲ್ಸಾರ್‌ಗಳು. ಪಲ್ಸಾರ್ ಅಂದ್ರೆ ಲೈಟ್‌ಹೌಸಿನ ಥರ ತಿರುಗ್ತಾ ರೇಡಿಯೋ ಮಿಡಿತ ಕಳಿಸೋ ನಕ್ಷತ್ರ. ಒಂದೊಂದರ ಮಿಡಿತದ ಅವಧಿ ಒಂದೊಂದು ಥರ. ಆ ಅವಧಿಯನ್ನ ಮತ್ತೆ ಹೈಡ್ರೋಜನ್ ಅಳತೆಯಲ್ಲೇ ಗೆರೆಯ ಮೇಲೆ ಬರೆದಿದ್ದಾರೆ. ಪಲ್ಸಾರ್‌ಗಳು ನಿಧಾನಕ್ಕೆ ಸ್ಪೀಡ್ ಕಳೆದುಕೊಳ್ಳುತ್ತವೆ. ಹಾಗಾಗಿ ಕವರಿನ ಮೇಲಿನ ಅವಧಿಗೂ ಅವರು ಅಳೆದ ಅವಧಿಗೂ ವ್ಯತ್ಯಾಸ ನೋಡಿದ್ರೆ, ಕಳಿಸಿ ಎಷ್ಟು ಕಾಲ ಆಯ್ತು ಅಂತಲೂ ಗೊತ್ತಾಗುತ್ತೆ.

ಅದೂ ಸಾಲದು ಅಂತ ಕವರಿಗೆ ಯುರೇನಿಯಂ-238ರ ಒಂದು ಪುಟ್ಟ ಲೇಪ ಹಾಕಿದ್ದಾರೆ. ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಎಷ್ಟು ಉಳಿದಿದೆ ಅಂತ ಅಳೆದ್ರೆ ಸಾಕು, ಅದೇ ಗಡಿಯಾರ. ಶಾಯಿ ಅಳಿಸಿಹೋಗುತ್ತೆ, ನನ್ನ ಕ್ಯಾಸೆಟ್ಟಿನಲ್ಲಿ ಹೋಗಿತ್ತಲ್ಲ. ಇಲ್ಲಿ ಅಳಿಸಿಹೋಗೋದನ್ನೇ ತಾರೀಕು ಮಾಡಿದ್ದಾರೆ.

ಭೂಮಿ ಹಾಡೋ ಎರಡು ಸ್ವರ

ಈಗ ಸಂಗೀತಕ್ಕೆ ಬರೋಣ. ಬಾಖ್, ಬೀಥೋವನ್, ಚಕ್ ಬೆರ್ರಿ, ಬ್ಲೈಂಡ್ ವಿಲ್ಲಿ ಜಾನ್ಸನ್ ಎಲ್ಲ ಇದ್ದಾರೆ. ನಮ್ಮ ದೇಶದಿಂದ ಒಬ್ಬರೇ, ಗೋವಾದ ಕೇರಿಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್. ಮೂರೂವರೆ ನಿಮಿಷದ ಭೈರವಿ. ಅವರದ್ದು ಜೈಪುರ-ಅತ್ರೌಲಿ ಘರಾಣೆ, ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದ್ದೂ ಇದೇ ಘರಾಣೆ. ಅಮೆರಿಕದ ತಂಡ ಕೇಸರಬಾಯಿಯವರ ರೆಕಾರ್ಡಿಗಾಗಿ ಪರದಾಡಿ, ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯ ಕುಟುಂಬದವರ ಒಂದು ಅಂಗಡಿಯಲ್ಲಿ ಹುಡುಕಿ ತಂತು. ವಾಯೇಜರ್ 1 ಹೊರಟು 11 ದಿನಕ್ಕೆ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡ್ರು.

ಆದ್ರೆ ನನಗೆ ಹುಚ್ಚು ಹಿಡಿಸಿದ್ದು ಇನ್ನೊಂದು. ‘ಭೂಮಿಯ ಸದ್ದುಗಳು’ ಭಾಗದ ಶುರುವಿನಲ್ಲೇ ಒಂದು ವಿಚಿತ್ರ ಗುಂಯ್‌ಗುಡೋ ಸದ್ದಿದೆ. ಮೊದಲ ಸಲ ಕೇಳಿದಾಗ ಫೈಲ್ ಕೆಟ್ಟಿದೆ ಅಂದುಕೊಂಡೆ. ಅದು ಲಾರಿ ಸ್ಪೀಗೆಲ್ ಬೆಲ್ ಲ್ಯಾಬ್ಸ್‌ನ ಕಂಪ್ಯೂಟರಿನಲ್ಲಿ ಮಾಡಿದ ಸಂಗೀತ. ಬರೆದವರು ಒಂಥರಾ ಯೋಹಾನೆಸ್ ಕೆಪ್ಲರ್! ಫಿಸಿಕ್ಸಿನಲ್ಲಿ ನಾವು ಓದಿದ ಕೆಪ್ಲರನ ಮೂರನೇ ನಿಯಮ 1619ರ ‘ಹಾರ್ಮೋನಿಸೆಸ್ ಮುಂಡಿ’ ಪುಸ್ತಕದಲ್ಲಿದೆ. ಅದೇ ಪುಸ್ತಕದಲ್ಲಿ ಅವನು ಪ್ರತಿ ಗ್ರಹಕ್ಕೂ ಸ್ವರ ಕೂರಿಸಿದ್ದ. ಸೂರ್ಯನ ಹತ್ರ ಬಂದಾಗ ಗ್ರಹದ ವೇಗ ಹೆಚ್ಚು, ಸ್ವರ ಏರುತ್ತೆ. ದೂರ ಹೋದಾಗ ವೇಗ ಕಡಿಮೆ, ಸ್ವರ ಇಳಿಯುತ್ತೆ.

ನೀವೇ ಲೆಕ್ಕ ಹಾಕಬಹುದು. ಸೂರ್ಯನಿಂದ ನೋಡಿದ್ರೆ ಭೂಮಿ ಜನವರಿಯಲ್ಲಿ ದಿನಕ್ಕೆ ಸುಮಾರು 1.02 ಡಿಗ್ರಿ ಚಲಿಸುತ್ತೆ, ಜುಲೈನಲ್ಲಿ 0.95. ಅನುಪಾತ 1.07. ಇದು 16/15ಕ್ಕೆ ತುಂಬಾ ಹತ್ತಿರ, ಅಂದ್ರೆ ಅರ್ಧ ಸ್ವರದ ಅಂತರ. ಹಿಂದೂಸ್ತಾನಿಯಲ್ಲಿ ಸ ದಿಂದ ಕೋಮಲ ರಿ ಗೆ ಇರೋ ಅಂತರ. ಭೈರವಿಯಲ್ಲಿ ಬರೋದೂ ಆ ಕೋಮಲ ರಿ ನೇ. ಶುಕ್ರನ ಕಕ್ಷೆ ಹೆಚ್ಚುಕಡಿಮೆ ವೃತ್ತ, ಅನುಪಾತ 1.03, ಅದು ಒಂದೇ ಸ್ವರ ಹಿಡಿದು ಕೂತಿರುತ್ತೆ. ಬುಧನದ್ದು 2.3, ಒಂದು ಸಪ್ತಕಕ್ಕಿಂತ ಜಾಸ್ತಿ ಏರಿ ಇಳಿಯುತ್ತೆ. ಇದು ಗೊತ್ತಾದ ಮೇಲೆ ಮತ್ತೆ ಕೇಳಿದೆ. ಅದೇ ಗುಂಯ್ ಸದ್ದಿನಲ್ಲಿ ಒಂದೊಂದು ಕಕ್ಷೆಯೂ ಕಣ್ಣಿಗೆ ಕಂಡ ಹಾಗಾಯ್ತು. ಇಂಥ ಸಂಗೀತ ಇಷ್ಟ ಆಗೋಕೆ ಸ್ವಲ್ಪ ವಿವರ ಬೇಕು, ಅಷ್ಟೇ.

ನಮ್ಮ ಕೆಲಸಕ್ಕೂ ಇದಕ್ಕೂ

ಈ ರೆಕಾರ್ಡ್ ಯಾರಿಗಾದ್ರೂ ಸಿಗುತ್ತಾ? ಬಹುಶಃ ಇಲ್ಲ. ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗಿಂತ ದೂರ ಇದೆ. ಮುಂದಿನ ನಕ್ಷತ್ರದ ಸುಮಾರು 1.6 ಜ್ಯೋತಿರ್ವರ್ಷ ಹತ್ತಿರ ಹಾಯೋಕೆ ಇನ್ನೂ 40,000 ವರ್ಷ ಬೇಕು.

ಆದ್ರೆ ಅದೇ ನೌಕೆಯ ಇನ್ನೊಂದು ಕಥೆ ಕೇಳಿ. 2023ರ ನವೆಂಬರಿನಲ್ಲಿ ವಾಯೇಜರ್ 1 ಅರ್ಥವಿಲ್ಲದ ಡೇಟಾ ಕಳಿಸೋಕೆ ಶುರು ಮಾಡ್ತು. ಒಂದು ಮೆಮೊರಿ ಚಿಪ್ ಹೋಗಿತ್ತು. ಎಂಜಿನಿಯರ್‌ಗಳು ಅಲ್ಲಿದ್ದ ಕೋಡನ್ನ ತುಂಡು ತುಂಡು ಮಾಡಿ ಬೇರೆ ಜಾಗಗಳಿಗೆ ಹಾಕಿ 2024ರ ಏಪ್ರಿಲ್‌ನಲ್ಲಿ ಸರಿಮಾಡಿದ್ರು. ಅದಕ್ಕೆ ಅವರು ದಶಕಗಳ ಹಿಂದಿನ ದಾಖಲೆಗಳನ್ನ ಓದಬೇಕಾಯ್ತು. ಅಂದ್ರೆ ಯಾರೋ ಬರೆದಿಟ್ಟಿದ್ರು, ಯಾರೋ ಜೋಪಾನ ಮಾಡಿದ್ರು.

ನಾವು? ಫಸ್ಟ್ ಇಯರ್‌ನಲ್ಲಿ ನಮ್ಮ ಟೀಮ್ ಮಾಡಿದ ಲೈನ್ ಫಾಲೋವರ್ ರೋಬೋಟನ್ನ ಆರು ತಿಂಗಳಾದ ಮೇಲೆ ಜೂನಿಯರ್‌ಗಳಿಗೆ ಕೊಟ್ವಿ. ಅವರು "ಅಣ್ಣಾ, ಈ 47 ಅನ್ನೋ ನಂಬರ್ ಯಾಕೆ?" ಅಂತ ಕೇಳಿದ್ರು. ನಾನೇ ಬರೆದ ಕೋಡ್. ನನಗೆ ಗೊತ್ತಿರಲಿಲ್ಲ. 450 ಕೋಟಿ ವರ್ಷದ ಗಡಿಯಾರ ಇಟ್ಟು ಕಳಿಸಿದವರೆಲ್ಲಿ, ಆರು ತಿಂಗಳು ಬಾಳದ ನನ್ನ ಕೋಡ್ ಎಲ್ಲಿ!

ತಾತನ ಕ್ಯಾಸೆಟ್ಟನ್ನ ಈಗ ಕಂಪ್ಯೂಟರಿಗೆ ಹಾಕಿದೀನಿ. ಫೈಲಿನ ಮೊದಲು ಹತ್ತು ಸೆಕೆಂಡ್ 440 ಹರ್ಟ್ಸ್ ಟೋನ್ ಇದೆ, ಸ್ಪೀಡ್ ತಪ್ಪಿದ್ರೆ ಅದರಿಂದ ಸರಿಮಾಡಿಕೊಳ್ಳಬಹುದು. ಆಮೇಲೆ ಅಜ್ಜಿ ದನಿ: ಓದ್ತಿರೋದು ಯಾರು, ಯಾವ ಊರು, ಯಾವ ದೇವಸ್ಥಾನ ಅಂತ. ಮೈಕ್ ಮುಂದೆ ಮಾತಾಡೋಕೆ ಅಜ್ಜಿ ನಾಚಿಕೊಂಡ್ರು, ಮೂರು ಸಲ ರೆಕಾರ್ಡ್ ಮಾಡಿದ್ವಿ. ತಾತನ ಹೆಸರು ಹೇಳಲ್ಲ ಅಂದ್ರು, ‘ನಮ್ಮನೆಯವರು’ ಅಂತಲೇ ಹೇಳಿದ್ರು. ಅದನ್ನ ಹಾಗೇ ಬಿಟ್ಟು, ಹೆಸರನ್ನ ನಾನು ಸೇರಿಸಿದೆ.

ಸಂಕ್ರಾಂತಿಗೆ ಊರಿಗೆ ಹೋಗ್ತೀರಲ್ಲ, ನಿಮ್ಮನೆ ಟ್ರಂಕನ್ನೂ ಒಮ್ಮೆ ನೋಡಿ. ಕ್ಯಾಸೆಟ್ ಸಿಕ್ಕಿದ್ರೆ ತನ್ನಿ, ವಾಕ್‌ಮನ್ ನನ್ನ ಹತ್ರ ಇದೆ. ಸ್ಪೀಡ್ ಸರಿ ಇದೆಯಾ ಅಂತ ಹೇಳೋರನ್ನ ಮಾತ್ರ ನೀವೇ ಕೇಳಿಕೊಂಡು ಬರಬೇಕು, ಅವರು ಇರುವಾಗಲೇ.