ಆಟಿಯ ಅಡುಗೆಗೆ ಒಂದು ಭರಣಿ ಉಪ್ಪುಸೊಳೆ

ಮೇ ತಿಂಗಳಲ್ಲಿ ಕರಾವಳಿಯ ತೋಟಗಳಲ್ಲಿ ಹಲಸು ಬಿದ್ದು ಕೊಳೆಯುತ್ತದೆ. ಜುಲೈ ಬಂತೆಂದರೆ ಅದೇ ಮನೆಯವರು ಪೇಟೆಯಿಂದ ಎಲೆಕೋಸು, ಬೀಟ್ರೂಟು ಹೊತ್ತು ತರುತ್ತಾರೆ. ಜಡಿಮಳೆಯ ಆ ಎರಡು ತಿಂಗಳು ಹಿತ್ತಿಲಲ್ಲಿ ತರಕಾರಿ ಕಡಿಮೆ, ಪೇಟೆಯಲ್ಲಿ ಕ್ರಯ ಹೆಚ್ಚು. ಹಿಂದೆ ಈ ಹೊತ್ತಿಗೆಂದೇ ಪ್ರತಿ ಮನೆಯಲ್ಲೂ ಉಪ್ಪುಸೊಳೆಯ ಭರಣಿ ಇರುತ್ತಿತ್ತು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯಫಲವೆಂದು ಘೋಷಿಸಿತು. ಮರಕ್ಕೆ ಮರ್ಯಾದೆ ಬಂತು, ಸರಿ. ಆದರೆ ಅದು ನಮ್ಮ ಅಡುಗೆಮನೆಗೆ ಮರಳಿ ಬಂದರೆ ಮಾತ್ರ ಖರ್ಚು ಉಳಿದೀತು.

ಉಪ್ಪು ಹಾಕುವ ಕ್ರಮ

ಕಾಯಿ ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಬಕ್ಕೆ ಹಲಸಾದರೆ ಒಳ್ಳೆಯದು. ತುಳುವದ ಸೊಳೆ ಬೇಗ ಮೆತ್ತಗಾಗುತ್ತದೆ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ನಾರು, ಬೇಳೆ ತೆಗೆಯಿರಿ. ನೀರು ಸೋಕಿಸಬೇಡಿ. ಐದಾರು ಪಾವು ಸೊಳೆಗೆ ಒಂದು ಪಾವು ಕಲ್ಲುಪ್ಪು ಸಾಕು. ಒಣಗಿದ ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು ಎಂದು ಒತ್ತಿ ತುಂಬಿ, ಮೇಲೆ ಶುಚಿಯಾದ ಕಲ್ಲು ಹೇರಿ.

ಎರಡು ಮೂರು ದಿನಗಳಲ್ಲಿ ಉಪ್ಪು ಸೊಳೆಯ ನೀರನ್ನು ಹೊರಗೆಳೆಯುತ್ತದೆ. ಸೊಳೆ ಸದಾ ಈ ನೀರಿನಡಿಯಲ್ಲೇ ಇರಬೇಕು. ಕೆಡುವುದು ಹೆಚ್ಚಾಗಿ ಇಲ್ಲೇ: ಮೇಲೆದ್ದ ಸೊಳೆಗೆ ಗಾಳಿ ತಾಗಿ ಬೂಸಲು ಬರುತ್ತದೆ. ನೀರು ಸಾಲದಿದ್ದರೆ ಉಪ್ಪುನೀರು ಕುದಿಸಿ, ಪೂರ್ತಿ ತಣಿಸಿ ಹೊಯ್ಯಿರಿ. ತೆಗೆಯುವಾಗ ಒದ್ದೆ ಕೈ ಹಾಕಲೇಬಾರದು. ಹೀಗೆ ನೋಡಿಕೊಂಡರೆ ಮಳೆಗಾಲ ದಾಟಿಯೂ ಉಳಿಯುತ್ತದೆ.

ಮೂರು ಅಡುಗೆ

ಯಾವುದಕ್ಕಾದರೂ ಸೊಳೆಯನ್ನು ಮೊದಲು ಮೂರ್ನಾಲ್ಕು ಗಂಟೆ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ. ಒಂದು ಎಸಳು ಬಾಯಿಗೆ ಹಾಕಿ ನೋಡಿ. ಸಪ್ಪೆಯ ಹತ್ತಿರ ಬಂದರೆ ಸರಿ. ಅಡುಗೆಗೆ ಮತ್ತೆ ಉಪ್ಪು ಬೇಡ. ರಕ್ತದೊತ್ತಡ ಇರುವವರು ಮಿತವಾಗಿ ತಿನ್ನುವುದೇ ಲೇಸು.

ಪಲ್ಯ: ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆಗೆ ಸೊಳೆ, ಅರಸಿನ ಹಾಕಿ ಸ್ವಲ್ಪ ನೀರಲ್ಲಿ ಬೇಯಿಸಿ. ಒಂದು ಚೂರು ಬೆಲ್ಲ, ಮೆಣಸು ಸೇರಿಸಿ ಒರಟಾಗಿ ಅರೆದ ತೆಂಗಿನತುರಿ ಬೆರೆಸಿ ಇಳಿಸಿ. ಬೇಯಿಸಿದ ಅಲಸಂಡೆ ಕಾಳು ಸೇರಿಸಿದರೆ ಇನ್ನೂ ರುಚಿ.

ರೊಟ್ಟಿ: ನೆನೆಸಿದ ಕುಚ್ಚಿಲಕ್ಕಿ, ಅಷ್ಟೇ ಸೊಳೆ, ಒಂದು ಹಿಡಿ ತೆಂಗಿನತುರಿ, ಜೀರಿಗೆ ಇಷ್ಟನ್ನು ಗಟ್ಟಿಯಾಗಿ ಅರೆಯಿರಿ. ಬಾಳೆಲೆಯಲ್ಲಿ ತೆಳ್ಳಗೆ ತಟ್ಟಿ, ಎಲೆ ಸಮೇತ ಕಾವಲಿಗೆ ಕವುಚಿ. ಎಲೆ ಬಾಡಿದ ಮೇಲೆ ಬಿಡಿಸಿ, ಎರಡೂ ಬದಿ ಕಾಯಿಸಿ. ಬಿಸಿಯಿರುವಾಗಲೇ ತೆಂಗಿನೆಣ್ಣೆ ಸವರಿ ತಿನ್ನಬೇಕು.

ಉಂಡ್ಲುಕಾಳು: ಇದೇ ಹಿಟ್ಟನ್ನು ಬೆಳ್ತಿಗೆ ಅಕ್ಕಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಅರೆದು, ಕಡಲೆಕಾಳಿನ ಗಾತ್ರಕ್ಕೆ ಉಂಡೆ ಕಟ್ಟಿ. ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಆರಿಸಿ, ಹದ ಬೆಂಕಿಯಲ್ಲಿ ಎಣ್ಣೆಯ ಸದ್ದು ಅಡಗುವ ತನಕ ಕರಿಯಿರಿ. ಒದ್ದೆ ಉಂಡೆ ಎಣ್ಣೆಯಲ್ಲಿ ಸಿಡಿಯುತ್ತದೆ, ಜಾಗ್ರತೆ.

ಈ ಲೆಕ್ಕದಲ್ಲಿ ಕೊಳ್ಳಬೇಕಾದದ್ದು ಉಪ್ಪು ಮಾತ್ರ. ಉಳಿದದ್ದೆಲ್ಲ ಹೆಚ್ಚಾಗಿ ಮನೆಯದ್ದೇ. ಈ ಸಲ ಎರಡು ಕಾಯಿ ಇಳಿಸಿ ಚಿಕ್ಕ ಭರಣಿಯಲ್ಲಿ ಶುರು ಮಾಡಿ. ಹದ ತಿಳಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಯ ಅಂದಾಜು ಬರಹಕ್ಕಿಂತ ಅವರಲ್ಲೇ ಚೆನ್ನಾಗಿ ಸಿಗುತ್ತದೆ.