‘ಬೇಡ’ ಎಂದ ಮೇಲೆ ಏನು ಬೇಕು?

ಬಳ್ಳಾರಿ ಜಿಲ್ಲೆಯ ಸಂಡೂರಿನ ಸುತ್ತಮುತ್ತ ಅಣ್ಣ ಅದಿರು ಲಾರಿ ಓಡಿಸುವ, ತಮ್ಮ ಹೊಲದ ಬೆಳೆಯ ಮೇಲೆ ಕೂತ ಕೆಂಪು ಧೂಳು ಕಂಡು ಮರುಗುವ ಮನೆಗಳಿವೆ. ಗಣಿ ಬೇಕೋ ಬೇಡವೋ ಎಂದು ಕೇಳಿದರೆ ಅಂಥ ಮನೆಯೊಳಗೇ ಎರಡು ಪಂಗಡ. ಈ ಊರುಗಳ ಪರವಾಗಿ ‘ಇದು ನಮ್ಮೆಲ್ಲರ ನಿಲುವು’ ಎಂದು ಹೇಳುವುದು ಎಷ್ಟು ಕಷ್ಟವೆಂದು ಬಲ್ಲ ಸಂಸ್ಥೆ, ಧಾರವಾಡದ ಸಮಾಜ ಪರಿವರ್ತನ ಸಮುದಾಯ.

ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು 1980ರ ದಶಕದಲ್ಲಿ ಕಟ್ಟಿದ ಈ ಸಂಸ್ಥೆ ಮೊದಲ ಪಾಠ ಕಲಿತದ್ದು ಊರ ಗೋಮಾಳಗಳಲ್ಲಿ. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಇಂಥ ಸುಮಾರು 30,000 ಹೆಕ್ಟೇರ್ ಭೂಮಿ ಕೊಡುವ ಯೋಜನೆ ಆಗ ಬಂದಿತ್ತು. ದನ ಮೇಯುವುದು, ಸೌದೆ ಆಯುವುದು, ಬೇಲಿಗೆ ಮುಳ್ಳು ತರುವುದು ಎಲ್ಲ ನಡೆಯುತ್ತಿದ್ದ ನೆಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತರು. ಕಿತ್ತು ಮನೆಗೆ ಹೋಗದೆ ಅಲ್ಲೇ ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಅದಕ್ಕೆ ಇಟ್ಟ ಹೆಸರೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಆ ಸೀಮೆಯಲ್ಲಿ ಸಸಿ ನೆಡುವುದಕ್ಕೆ ‘ಹಚ್ಚುವುದು’ ಎನ್ನುತ್ತಾರೆ. ಸಾಹಿತಿ ಶಿವರಾಮ ಕಾರಂತರ ಹೆಸರಿನಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಕಂಪನಿಯನ್ನೇ ಮುಚ್ಚಬೇಕಾಯಿತು. ಆ ಸತ್ಯಾಗ್ರಹದ ಹೆಸರಿನ ಎರಡನೆಯ ಪದವೇ ನನಗೆ ದೊಡ್ಡದಾಗಿ ಕಾಣುತ್ತದೆ. ಕೀಳಲು ಸಿಟ್ಟೊಂದಿದ್ದರೆ ನಡೆದೀತು. ಏನು ಹಚ್ಚಬೇಕೆಂದು ತೀರ್ಮಾನಿಸಲು ದನ ಸಾಕುವವರೂ ಸೌದೆ ತರುವ ಹೆಂಗಸರೂ ಕೂತು ಮಾತಾಡಲೇಬೇಕು.

2009ರಲ್ಲಿ ಸಂಸ್ಥೆ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈ 29ರಂದು ಕೋರ್ಟಿನ ಆದೇಶದಿಂದ ಇಡೀ ಜಿಲ್ಲೆಯಲ್ಲಿ ಗಣಿ ನಿಂತಿತು. ಲಾರಿಗಳು ನಿಂತವು, ಕೂಲಿಯೂ ನಿಂತಿತು. ಆ ಸಂಕಟ ಸಣ್ಣದೆಂದು ನಾನು ಹೇಳಲಾರೆ. ಆದರೆ 2013ರ ಏಪ್ರಿಲ್ 18ರ ತೀರ್ಪಿನ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು: ಎಷ್ಟು ಅದಿರು, ಎಲ್ಲಿಂದ, ಯಾವ ಷರತ್ತಿಗೆ? ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಘೋರ ಅಕ್ರಮದ ಸಿ ವರ್ಗದವನ್ನು ರದ್ದು ಮಾಡಲಾಯಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಬಂತು. ಅಣ್ಣನೂ ತಮ್ಮನೂ ಒಟ್ಟಿಗೆ ಕೂತು ಚರ್ಚಿಸಬಹುದಾದ ಲೆಕ್ಕ ಇದು. ಮುಂದೆ ಆ ಮಿತಿ ಏರಿದೆ. ಅದಿರು ಮುಂದಿನ ತಲೆಮಾರಿನ ಪಾಲೂ ಹೌದು ಎಂದು ಸಂಸ್ಥೆ ಅದನ್ನು ವಿರೋಧಿಸಿತ್ತು.

2024ರ ಜೂನ್‌ನಲ್ಲಿ ದೇವದಾರಿ ಬೆಟ್ಟದ ಕೆಐಒಸಿಎಲ್ ಕಂಪನಿಯ ಗಣಿ ಯೋಜನೆ ಮುನ್ನೆಲೆಗೆ ಬಂದಾಗ ಸಂಡೂರಿನಲ್ಲಿ ‘ಬೇಡ’ ಎಂದು ದನಿ ಎತ್ತಿದ್ದು ಜನ ಸಂಗ್ರಾಮ ಪರಿಷತ್ ಎಂಬ ಸಂಘಟನೆ. ಕಡಿಯಬೇಕಿದ್ದ ಮರಗಳು 99,330. ಅರಣ್ಯಭೂಮಿ ಹಸ್ತಾಂತರಿಸದಂತೆ ರಾಜ್ಯ ಸರ್ಕಾರ ಸೂಚಿಸಿತು.

‘ಬೇಡ’ ಎಂದದ್ದಾಯಿತು, ಈಗ ಮುಂದಿರುವುದು ಹಚ್ಚುವ ಕೆಲಸ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮೊದಲು ಕುಡಿಯುವ ನೀರೋ, ಆಸ್ಪತ್ರೆಯೋ, ರಸ್ತೆಯೋ, ಕಾಡೋ? ಈ ಪಟ್ಟಿಯ ಕ್ರಮವನ್ನು ಧೂಳು ಕುಡಿದ ಊರುಗಳ ಗ್ರಾಮಸಭೆಗಳೇ ಹೇಳಬೇಕು.